ಹವಾಲ್ದಾರನ ವರ್ಗಾವಣೆ

ಒಂದು ನಾಯಿಯ ಸಲುವಾಗಿ ನಾನು ಸುಳ್ಳು ಹೇಳಿದ್ದೇನೆ. ಅದೂ ನೇರವಾದ, ಎದೆಗಾರಿಕೆಯ ಸುಳ್ಳಲ್ಲ. ಕೇಳಿದ ಪ್ರಶ್ನೆಗಳಿಗೆಲ್ಲ ನಿಜವನ್ನೇ ಹೇಳಿ, ಅವರು ಕೇಳದೆ ಬಿಟ್ಟ ಒಂದು ಪ್ರಶ್ನೆಯ ಮರೆಯಲ್ಲಿ ಅಡಗಿಕೊಂಡ ಸುಳ್ಳು. ಚಿತ್ತಾಪುರದ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಪಿಯುಸಿ ಮಕ್ಕಳಿಗೆ ಕನ್ನಡ ಕಲಿಸಿದವನು ನಾನು. ಯಾವುದನ್ನು ಹೇಳಬೇಕು, ಯಾವುದನ್ನು ನುಂಗಬೇಕು ಎಂಬ ವಿದ್ಯೆ ಸ್ವಲ್ಪಮಟ್ಟಿಗೆ ಕೈಗೂಡಿತ್ತು. ಆ ವಿದ್ಯೆಯನ್ನೆಲ್ಲ ಮುದಿ ನಾಯಿಯೊಂದನ್ನು ಸಾಗಹಾಕಲು ಬಳಸಿಕೊಂಡೆ. ‘ಸಾಗಹಾಕಲು’ ಎಂದು ಬರೆಯುವಾಗ ಕೈ ತಡೆಯುತ್ತದೆ. ಆದರೆ ನಿಮ್ಮ ಮುಂದೆ ಪೂರ್ತಿ ಹೇಳಿಬಿಡಬೇಕೆಂದೇ ಕೂತಿದ್ದೇನೆ, ಹೊಡೆದುಹಾಕುವುದಿಲ್ಲ.

ನಾಯಿಯ ಹೆಸರು ಹವಾಲ್ದಾರ. ನಮ್ಮ ವಾಡಿಯ ಮನೆಗೆ ಅವನು ಬಂದಾಗ ಮಗಳು ಮೈತ್ರಿಗೆ ಒಂದು ವರ್ಷ. ರೈಲ್ವೆ ಗೇಟಿನ ಹತ್ತಿರ ಸಿಕ್ಕಿದ ಖಾಕಿ ಬಣ್ಣದ ಮರಿ. ಬಣ್ಣ ನೋಡಿ ಆ ಹೆಸರಿಟ್ಟವನು ನಾನೇ; ಹೆಸರಿಗೆ ತಕ್ಕಂತೆ ಮನೆ ಕಾಯುತ್ತಾನೆಂಬ ಆಸೆಯೂ ಇತ್ತು. ಹನ್ನೆರಡು ವರ್ಷದ ಸೇವೆಯಲ್ಲಿ ಅವನು ವಶಪಡಿಸಿಕೊಂಡದ್ದು ಪಕ್ಕದ ಮನೆಯವರ ಎಡಗಾಲಿನ ಒಂದು ಚಪ್ಪಲಿ ಮಾತ್ರ. ಅದನ್ನೂ ಮರುದಿನ ತಾನೇ ಒಯ್ದು ಅವರ ಬಾಗಿಲ ಮುಂದೆ ಇಟ್ಟು ಬಂದ.

ಅವನಿಗಿಂತ ಎರಡು ವರ್ಷ ಹಿರಿಯಳು ನಮ್ಮ ಬೆಕ್ಕು. ನನ್ನ ಹೆಂಡತಿ ಸುಮಿತ್ರಾಳ ತವರು ಸನ್ನತಿ. ಅಲ್ಲಿಂದ ಒಮ್ಮೆ ತೊಗರಿಯ ಚೀಲ ಬಂದಾಗ ಚೀಲಗಳ ನಡುವೆ ಇವಳೂ ಬಂದಿದ್ದಳು. ಹೆಸರಿಗಾಗಿ ಹೆಚ್ಚು ತಲೆ ಕೆಡಿಸಿಕೊಳ್ಳದೆ ತೊಗರಿ ಎಂದೇ ಕರೆದೆವು. ತೊಗರಿ ಮತ್ತು ಹವಾಲ್ದಾರ ಹನ್ನೆರಡು ವರ್ಷ ಒಂದೇ ಸೂರಿನಡಿ, ಮಾತುಬಿಟ್ಟ ಬೀಗರ ಹಾಗೆ, ಮರ್ಯಾದೆಯಿಂದ ದೂರ ಕಾಯ್ದುಕೊಂಡು ಬದುಕಿದರು.

ವಾಡಿ ಜಂಕ್ಷನ್ನು. ಹಗಲಿಡೀ ಎಂಜಿನ್ನುಗಳು ಕೂಗುತ್ತವೆ. ಅವು ಕೂಗಿದಾಗಲೆಲ್ಲ ಊರಿನ ನಾಯಿಗಳೂ ಕತ್ತೆತ್ತಿ ದನಿಗೂಡಿಸುತ್ತವೆ. ಈ ಮೇಳದಲ್ಲಿ ನಮ್ಮ ಹವಾಲ್ದಾರನದು ಬಹಳ ವರ್ಷ ಮುಖ್ಯ ಕಂಠ. ಎರಡು ವರ್ಷದ ಹಿಂದೆ ಅವನು ಇದ್ದಕ್ಕಿದ್ದಂತೆ ಹಾಡುವುದನ್ನು ನಿಲ್ಲಿಸಿದ. ವಯಸ್ಸಿನ ಗಾಂಭೀರ್ಯ ಎಂದುಕೊಂಡೆವು. ಆ ಸಲದ ದೀಪಾವಳಿಯಲ್ಲಿ ಓಣಿಯ ನಾಯಿಗಳೆಲ್ಲ ಮಂಚದ ಕೆಳಗೆ ನಡುಗುತ್ತಿರುವಾಗ ಇವನು ಅಂಗಳದ ನಡುವೆ ಕಾಲು ಚಾಚಿ ನಿದ್ದೆ ಮಾಡಿದ. ಧೈರ್ಯ ಎಂದು ಹೊಗಳಿದೆವು. ಸುಮಿತ್ರಾ ನರ್ಸು, ಹೊಗಳಿಕೆಯನ್ನು ಪರೀಕ್ಷೆ ಮಾಡದೆ ಒಪ್ಪುವವಳಲ್ಲ. ಒಂದು ಮುಂಜಾನೆ ಸ್ಟೀಲಿನ ಗಂಗಾಳವೊಂದನ್ನು ಅವನ ಬೆನ್ನ ಹಿಂದೆ ನೆಲಕ್ಕೆ ಬೀಳಿಸಿದಳು. ಮೂರನೆಯ ಮನೆಯವರು ಏನಾಯಿತೆಂದು ಕೇಳಿದರು. ಹವಾಲ್ದಾರನ ಕಿವಿ ಅಲುಗಲೇ ಇಲ್ಲ.

“ಇದಕ ಧೈರ್ಯ ಬಂದಿಲ್ಲ, ಕಿವಿ ಹೋಗ್ಯಾವ,” ಎಂದಳು.

ಕಿವಿ ಹೋದವರನ್ನು ಕರೆಯುವ ಬಗೆ ನನಗೆ ಮೊದಲೇ ಗೊತ್ತಿತ್ತು. ನನ್ನ ಅಪ್ಪ ಶಹಾಬಾದಿನಲ್ಲಿ ಫರ್ಸಿ ಕೊಯ್ಯುವ ಕೆಲಸದಲ್ಲಿದ್ದರು. ಮನೆಗಳ ನೆಲಕ್ಕೆ ಹಾಸುತ್ತಾರಲ್ಲ, ಆ ಬೂದು ಬಣ್ಣದ ನುಣುಪು ಕಲ್ಲು, ಅದು. ಕೊಯ್ಯುವ ಮಿಷನ್ನಿನ ಸಪ್ಪಳಕ್ಕೆ ನಲವತ್ತೈದರ ಹೊತ್ತಿಗೆ ಅವರ ಎರಡೂ ಕಿವಿ ಮಂದವಾದವು. ಅಪ್ಪ ಉಣ್ಣುತ್ತ ಕೂತಾಗ ನಾವು ಮಕ್ಕಳು ಬಾಗಿಲಲ್ಲಿ ನಿಂತು ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ ಬಡಿಯುತ್ತಿದ್ದೆವು. ಕಲ್ಲಿನ ನೆಲದಲ್ಲಿ ಆ ಅದುರು ಅವರಿಗೆ ಮುಟ್ಟುತ್ತಿತ್ತು, ತಲೆಯೆತ್ತಿ ನಗುತ್ತಿದ್ದರು. ಹವಾಲ್ದಾರನಿಗೂ ಹಾಗೆಯೇ ಬಡಿದೆ. ಅವನೂ ತಲೆಯೆತ್ತಿದ. ಅಪ್ಪ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ ನನ್ನ ಹಿಮ್ಮಡಿಗೆ ಮತ್ತೆ ಕೆಲಸ ಸಿಕ್ಕಿತು.

ಹೀಗಿರುವಾಗ ಸುಮಿತ್ರಾಳಿಗೆ ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿತು. ಕಲಬುರಗಿಗೆ ದಿನಾ ರೈಲಿನಲ್ಲಿ ಹೋಗಿ ಬರುತ್ತ, ರೈಲಿನಲ್ಲೇ ಓದಿ, ಅವರಿಟ್ಟ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದಳು. ವೀಸಾ ಅರ್ಜಿಯಲ್ಲಿ ಅವಳದು ಉದ್ಯೋಗಿಯ ಹೆಸರು. ನನ್ನದು ‘ಅವಲಂಬಿತ’ ಎಂಬ ಖಾನೆಯಲ್ಲಿ, ಮೈತ್ರಿಯ ಹೆಸರಿನ ಕೆಳಗೆ. ನಲವತ್ತೇಳರ ವಯಸ್ಸಿನಲ್ಲಿ ಹದಿಮೂರರ ಮಗಳಿಗಿಂತ ಕೆಳಗಿನ ಸಾಲಿಗೆ ಇಳಿಯುವ ಸುಖ ಎಲ್ಲರಿಗೂ ಸಿಗುವುದಿಲ್ಲ. ನಾನು ಕಾಲೇಜಿಗೆ ರಾಜೀನಾಮೆ ಬರೆದೆ. ಸಹೋದ್ಯೋಗಿಗಳು ಶಾಲು ಹೊದಿಸಿದರು. ಹೋಗುವ ಊರು ತಂಪು ಎಂದು ಯಾರೋ ಹೇಳಿದ್ದರಂತೆ, ಒಂದರ ಬದಲು ಎರಡು ಹೊದಿಸಿದರು.

ಉಳಿದದ್ದು ಈ ಇಬ್ಬರು. ಕರೆದೊಯ್ಯಬಹುದೇ ಎಂದು ಚಿತ್ತಾಪುರದ ದನದ ದವಾಖಾನೆಗೆ ಹೋದೆವು. ಡಾಕ್ಟರು ಹವಾಲ್ದಾರನ ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿ ತಲೆಯಾಡಿಸಿದರು. ಅದನ್ನು ಬಿಡಿಸಿ ಹೇಳಿದವರು ಕಂಪೌಂಡರ್ ವೆಂಕಟಪ್ಪನವರು. ಅವರು ಸೇಡಂ ಕಡೆಯವರು. ಮನುಷ್ಯರ ಜೊತೆ ಕನ್ನಡ ಮಾತಾಡುತ್ತಾರೆ, ಪ್ರಾಣಿಗಳ ಜೊತೆ ತೆಲುಗು.

“ವಿಮಾನದಾಗ ನೀವು ಸೀಟಿನ ಮ್ಯಾಲ ಕುಂದರ್ತೀರಿ ಸರ್. ಇವ ಸಾಮಾನಿನ ಜೋಡಿ ಹೋಗ್ಬೇಕು. ಇವನ ಎದಿ ಈಗೇ ತಪ್ಪಿ ತಪ್ಪಿ ಬಡೀಲಿಕತ್ತದ. ಅಷ್ಟು ದೂರ ತಡೀಲಿಕ್ಕಿಲ್ಲ. ಬೆಕ್ಕಿಂದೂ ಅದೇ ಕತಿ, ಅದರ ಮೂತ್ರಪಿಂಡ ಸರಿ ಇಲ್ಲ. ಇಲ್ಲೇ ಯಾರಿಗರೆ ಕೊಟ್ಟು ಹೋಗ್ರಿ.”

ಮನೆಗೆ ಬಂದು ಸುಮಿತ್ರಾ ಒಂದು ಷರತ್ತು ಹಾಕಿದಳು. ಹದಿನಾಲ್ಕು ವರ್ಷದಿಂದ ಸೀರೆಗೆ ಕೂದಲು ಹತ್ತುತ್ತದೆಂದು ಬೈಯುತ್ತ ಬಂದವಳು ಅವಳೇ. “ಇಬ್ಬರಿಗೂ ಮನಿ ಸಿಗೋತನಕ ಟಿಕೆಟ್ ತಗಸೂದಿಲ್ಲ. ಕೆಲಸ ಹೋದ್ರ ಹೋಗ್ಲಿ.” ಅಲ್ಲಿನ ಆಸ್ಪತ್ರೆಯವರು ಯಾವ ದಿನ ಬರುತ್ತೀರೆಂದು ವಾರಕ್ಕೊಮ್ಮೆ ಕೇಳುತ್ತಿದ್ದರು. ಅವಳು ವಾರಕ್ಕೊಮ್ಮೆ, ಮನೆಯಲ್ಲಿ ಇಬ್ಬರು ಹಿರಿಯರ ವ್ಯವಸ್ಥೆ ಆಗಬೇಕಾಗಿದೆ ಎಂದು ಉತ್ತರ ಬರೆಯುತ್ತಿದ್ದಳು. ಅವರು ಮರುಕಪಟ್ಟು ಕಾಯುತ್ತಿದ್ದರು.

ನಾನು ಮನೆ ಹುಡುಕಲು ಹೊರಟೆ. ವಯಸ್ಸಾದ ಪ್ರಾಣಿಗೆ ಮನೆ ಹುಡುಕುವುದು ಎಂಥ ಕೆಲಸವೆಂದು ಆಮೇಲೆ ತಿಳಿಯಿತು. ಕನ್ನಡದಲ್ಲಿ ‘ಸಾಕು’ ಎಂಬ ಮಾತಿಗೆ ಎರಡು ಅರ್ಥ. ಪ್ರೀತಿಯಿಂದ ಹೊಟ್ಟೆಗೆ ಹಾಕಿ ಬೆಳೆಸು ಎಂಬುದೊಂದು. ಇನ್ನು ಬೇಡ, ನಿಲ್ಲಿಸು ಎಂಬುದು ಇನ್ನೊಂದು. ತರಗತಿಯಲ್ಲಿ ಈ ಎರಡನ್ನೂ ಕರಿಹಲಗೆಯ ಮೇಲೆ ಬರೆದು, ಇವುಗಳಿಗೆ ಸಂಬಂಧವಿಲ್ಲ ಮಕ್ಕಳೇ, ಕಾಕತಾಳೀಯ ಎನ್ನುತ್ತಿದ್ದೆ. ಈಗ ಸಂಬಂಧ ಕಾಣಿಸತೊಡಗಿತು. ನಾನು ಹೋದಲ್ಲೆಲ್ಲ ಮೊದಲನೆಯ ಅರ್ಥದಲ್ಲಿ ಕೇಳುತ್ತಿದ್ದೆ, ಅವರು ಎರಡನೆಯ ಅರ್ಥದಲ್ಲಿ ಉತ್ತರ ಕೊಡುತ್ತಿದ್ದರು. “ಮರಿ ಇದ್ರ ಹೇಳ್ರಿ, ಇವತ್ತೇ ಒಯ್ತೀನಿ,” ಎಂದರು ಒಬ್ಬರು. ಇನ್ನೊಬ್ಬರು ತೊಗರಿಯ ಬಾಯಿ ತೆರೆಸಿ ಹಲ್ಲು ನೋಡಿ, ಇಲಿ ಹಿಡಿಯುವ ವಯಸ್ಸು ದಾಟಿದೆ ಎಂದು ತೀರ್ಪು ಕೊಟ್ಟರು. ಪಕ್ಕದ ಮನೆಯವರು, ಅದೇ ಚಪ್ಪಲಿಯವರು, ಬಹಳ ಸುಲಭದ ದಾರಿ ಹೇಳಿದರು: “ಸ್ಟೇಷನ್ನಿನಾಗ ಬಿಟ್ಟುಬಿಡ್ರಿ ಸರ್. ಅಲ್ಲಿ ನಾಯಿಗೋಳಿಗಿ ಊಟಕ್ಕೇನ್ ಕಮ್ಮಿ ಇಲ್ಲ.” ಊಟಕ್ಕೆ ಕಡಿಮೆಯಿಲ್ಲ, ನಿಜ. ಆದರೆ ಎಂಜಿನ್ನು ಹಿಂದಿನಿಂದ ಕೂಗಿದರೆ ಕೇಳದ ನಾಯಿ ಹಳಿಗಳ ನಡುವೆ ಎಷ್ಟು ದಿನ ಬದುಕೀತು? ಅದನ್ನು ಅವರಿಗೆ ಹೇಳಲಿಲ್ಲ. ಕಿವಿಯ ವಿಷಯವನ್ನು ಯಾರಿಗೂ ಹೇಳಬಾರದೆಂದು ನಾನು ಆಗಲೇ ತೀರ್ಮಾನಿಸಿದ್ದೆ.

ದಸರೆಯ ಹೊತ್ತಿಗೆ ಚಿಂಚೋಳಿಯ ರೇವಣಪ್ಪನವರು ಸಿಕ್ಕರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಸೋದರಮಾವ. ಚಂದ್ರಂಪಳ್ಳಿ ಕೆರೆಯ ಆಚೆ, ಕಾಡಿಗೆ ಹತ್ತಿದ ಹಾಗೆ ಅವರ ಹೊಲ. ಕಾಡುಹಂದಿಯ ಕಾಟ. ನಾಯಿ ಬೇಕು, ವಯಸ್ಸು ಎಷ್ಟಾದರೂ ಪರವಾಗಿಲ್ಲ ಎಂದರು. ನಾನೇ ಬಾಡಿಗೆ ವಾಹನದಲ್ಲಿ ಹವಾಲ್ದಾರನನ್ನು ಕೂರಿಸಿಕೊಂಡು ಹೋದೆ. ಅವರು ಅವನ ಬೆನ್ನು ಸವರಿ, ಎದೆಯ ಅಗಲ ನೋಡಿ, ಕಡಿಯುತ್ತಾನೇನು ಎಂದು ಕೇಳಿದರು. ಇಲ್ಲ ಎಂದೆ. ರೊಟ್ಟಿ ತಿನ್ನುತ್ತಾನೇನು? ತಿನ್ನುತ್ತಾನೆ. ದನಿ ಹೇಗೆ? “ದನಿ ಭಾಳ ದೊಡ್ಡದ್ರಿ,” ಎಂದೆ. ದನಿ ದೊಡ್ಡದೇ ಇತ್ತು, ಎರಡು ವರ್ಷದ ಹಿಂದೆ. ಅವರು ಕಿವಿ ಕೇಳುತ್ತದೆಯೇ ಎಂದು ಕೇಳಲಿಲ್ಲ. ಯಾರು ತಾನೇ ಕೇಳುತ್ತಾರೆ? ನಾನು ಶೇಂಗಾದ ಹೊಲದ ಅಂಚಿನಲ್ಲಿ ಅವನನ್ನು ಬಿಟ್ಟು, ತಿರುಗಿ ನೋಡದೆ ವಾಹನ ಹತ್ತಿದೆ. ಮನೆಯಲ್ಲಿ ಸುಮಿತ್ರಾ ಕೇಳಿದಳು, “ಕಿವಿ ಸುದ್ದಿ ಹೇಳಿದ್ರಲ್ಲ?” ಹೂಂ ಎಂದೆ. ಹಾಗೆ ಒಂದರ ಹೊಟ್ಟೆಯಲ್ಲಿ ಇನ್ನೊಂದು ಸುಳ್ಳು ಹುಟ್ಟಿತು.

ನಾಲ್ಕನೆಯ ದಿನ ನಮ್ಮ ಮನೆಯ ಮುಂದೆ ಟೆಂಪೊ ಬಂದು ನಿಂತಿತು. ಮುಂದಿನ ಸೀಟಿನಲ್ಲಿ ರೇವಣಪ್ಪನವರು, ಅವರ ಕಾಲ ಬಳಿ ಹವಾಲ್ದಾರ. ನಾನು ಬಾಗಿಲಲ್ಲೇ ನಿಂತೆ. ಅವರು ಇಳಿದು ಮೊದಲು ನಾಯಿಯನ್ನು ಎತ್ತಿ ಇಳಿಸಿದರು, ಅವನ ಹಿಂಗಾಲು ನೋಯುತ್ತದೆಂದು ನಾಲ್ಕೇ ದಿನದಲ್ಲಿ ಅವರಿಗೆ ಗೊತ್ತಾಗಿತ್ತು. ಸುಮಿತ್ರಾ ನೀರು ತಂದು ಕೊಟ್ಟಳು. ಕುಡಿದು, ನಿಧಾನಕ್ಕೆ ಹೇಳಿದರು.

“ಸರ್, ಹಂದಿ ಬಂದ್ವು. ಇವನ ಬಾಜೂಕೇ ನಿಂತು ಶೇಂಗಾ ಕೆದರಿ ತಿಂದು ಹೋದ್ವು. ಇವ ಎದ್ದಿಲ್ಲ. ಮರುದಿನ ನಾ ಇವನ ಹಿಂದ ಡಬ್ಬಿ ಬಾರಿಸಿ ನೋಡ್ದೆ. ಆಮ್ಯಾಲ ತಿಳೀತು.” ನಾಯಿಯ ಬೆನ್ನು ಸವರುತ್ತ, “ಹಂದಿ ಬಂದಾಗ ಇವಗೇನರೆ ಆಗಿದ್ರ ಆ ಪಾಪ ನನಗ ಬರ್ತಿತ್ತಲ್ರಿ. ಮೊದಲೇ ಹೇಳಿದ್ರ ನಾ ಬ್ಯಾಡ ಅಂತಿದ್ದೆ, ಅಷ್ಟೇ. ಬ್ಯಾಸರ ಮಾಡ್ಕೊತಿದ್ದಿಲ್ಲ.”

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನಾನೂ ಏನಾದರೂ ಸಮಜಾಯಿಷಿ ಹೇಳಿ ಪಾರಾಗುತ್ತಿದ್ದೆ. ಹೋಗುವಾಗ ಟೆಂಪೊದಿಂದ ಹಸಿ ಶೇಂಗಾದ ಒಂದು ಗಂಟು ಇಳಿಸಿ, “ಹಂದಿ ಬಿಟ್ಟಿದ್ದು, ಮಗಳಿಗಿ ಕುದಿಸಿ ಕೊಡ್ರಿ,” ಎಂದು ಅಂಗಳದಲ್ಲಿಟ್ಟು ಹೋದರು. ಸುಮಿತ್ರಾ ನನ್ನ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಅವಳು ಆಸ್ಪತ್ರೆಯಲ್ಲಿ ಕಟ್ಟು ಬಿಚ್ಚಿ ಗಾಯ ನೋಡುವಾಗ ನೋಡುವ ನೋಟ ಅದು.

ಮೈತ್ರಿ ಬಾಗಿಲ ಹಿಂದೆ ನಿಂತು ಎಲ್ಲ ಕೇಳಿದ್ದಳು. ಆ ದಿನ ಶೇಂಗಾ ಮುಟ್ಟಲಿಲ್ಲ. ಮರುದಿನ ಸಂಜೆ ಒಂದು ಹಾಳೆ ತಂದು ನನ್ನ ಮುಂದಿಟ್ಟು, “ಇದನ್ನ ಎಲ್ಲಾರಿಗಿ ಕಳಸು ಪಪ್ಪಾ. ನೀ ಬರಿಬ್ಯಾಡ. ನಾನೇ ಬರದೀನಿ,” ಎಂದಳು. ದುಂಡಗಿನ ಅಕ್ಷರದಲ್ಲಿ ಹೀಗೆ ಬರೆದಿದ್ದಳು:

‘ನಾವು ಬೇರೆ ದೇಶಕ್ಕೆ ಹೋಗುತ್ತಿದ್ದೇವೆ. ನಮ್ಮ ಹತ್ತಿರ ಒಂದು ನಾಯಿ ಮತ್ತು ಒಂದು ಬೆಕ್ಕು ಇವೆ. ಎರಡಕ್ಕೂ ವಯಸ್ಸಾಗಿದೆ. ನಾಯಿಗೆ ಕಿವಿ ಕೇಳುವುದಿಲ್ಲ. ಬೊಗಳುವುದಿಲ್ಲ. ಕಾಯುವುದಿಲ್ಲ. ಚಳಿಗೆ ಹಿಂದಿನ ಕಾಲು ಎಳೆಯುತ್ತದೆ. ಬೆಕ್ಕು ಪರಚುತ್ತದೆ. ಇಲಿ ಹಿಡಿಯುವುದಿಲ್ಲ. ಅದಕ್ಕೆ ಬೇರೆ ಊಟ ಮತ್ತು ಔಷಧಿ ಬೇಕು. ಎರಡರಿಂದಲೂ ಏನೂ ಉಪಯೋಗ ಇಲ್ಲ. ಆದರೆ ನಮಗೆ ತುಂಬ ಇಷ್ಟ. ನಿಮಗೂ ಇಷ್ಟವಾದರೆ ತಿಳಿಸಿ.’

ಇಪ್ಪತ್ತು ವರ್ಷ ಪ್ರಬಂಧಗಳನ್ನು ತಿದ್ದಿದವನ ಕೈ ಪೆನ್ನಿಗೆ ಹೋಯಿತು. ‘ಏನೂ ಉಪಯೋಗ ಇಲ್ಲ’ ಎಂಬ ಸಾಲನ್ನಾದರೂ ತೆಗೆಯೋಣವೇ ಎಂದೆ. ಅವಳು ಹಾಳೆಯನ್ನು ತನ್ನತ್ತ ಎಳೆದುಕೊಂಡಳು. ಹಾಗೆಯೇ ಫೋಟೊ ತೆಗೆದು ಗೊತ್ತಿದ್ದವರಿಗೆಲ್ಲ ಕಳಿಸಿದೆ. ಒಂದು ಪ್ರತಿಯನ್ನು ದನದ ದವಾಖಾನೆಯ ಬಾಗಿಲಿಗೂ ಅಂಟಿಸಿ ಬಂದೆ. ರೇವಣಪ್ಪನವರಿಗೂ ಕಳಿಸಿದೆ, ಕೆಳಗೆ ‘ತಪ್ಪಾಯಿತು’ ಎಂದು ಸೇರಿಸಿ. ಅವರು ಮುಗಿದ ಕೈಗಳ ಚಿತ್ರವೊಂದನ್ನು ಕಳಿಸಿದರು.

ಮೊದಲು ಬಂದವರು ವೆಂಕಟಪ್ಪನವರು. ಮುಚ್ಚಳವಿದ್ದ ಬಿದಿರಿನ ಬುಟ್ಟಿ ಹಿಡಿದು ಒಂದು ಭಾನುವಾರ ಮುಂಜಾನೆ ಬಾಗಿಲಿಗೆ ಬಂದಾಗ, ಔಷಧಿ ಕೊಡಲು ಬಂದಿದ್ದಾರೆಂದುಕೊಂಡೆವು. ತೊಗರಿಗೂ ಅವರಿಗೂ ಹಳೆಯ ವೈರ. ಚುಚ್ಚುಮದ್ದಿಗೆ ಒಯ್ದಾಗಲೆಲ್ಲ ಅವಳು ಅವರ ಕೈಯ ಮೇಲೆ ಏನಾದರೂ ಬರೆದೇ ಬರುತ್ತಿದ್ದಳು. ಅವರು ಕುಳಿತು ಅಂಗಿಯ ತೋಳು ಮಡಚಿ, ಹಳೆಯ ಗೆರೆಗಳನ್ನು ಒಂದೊಂದಾಗಿ ತೋರಿಸಿದರು.

“ಇದು ಮೊದಲ ಸಲದ್ದು. ಇದು ಇವಳು ಹೊಟ್ಟಿ ಕೆಟ್ಟು ಬಂದಾಗಿಂದು. ನಾ ಬರೂ ತಿಂಗಳು ರಿಟೈರ್ ಆಗ್ಲಿಕತ್ತೀನಿ ಸರ್. ಸೇಡಂಗ ಹೋಗಿ ಇರೋರು ನಾವು ಗಂಡ ಹೆಂಡ್ತಿ ಇಬ್ರೇ. ಊರಿನ ಪ್ರಾಣಿಗೋಳಿಗೆಲ್ಲ ಸೂಜಿ ಚುಚ್ಚೀನಿ, ಮನ್ಯಾಗ ಒಂದೂ ಇಟ್ಟಿಲ್ಲ. ಇವಳ ಔಷಧಿ ನನಗ ಗೊತ್ತು, ಇವಳ ಸಿಟ್ಟೂ ಗೊತ್ತು. ಹೊಸಬರಿಗಿ ಕೊಟ್ರ ಪಾಪ ಅವ್ರು ಅಂಜ್ತಾರ. ನನಗ ಕೊಡ್ರಿ.”

ಬುಟ್ಟಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, “ಏಮ್ಮಾ ತೊಗರಿ, ಬಾಗುನ್ನಾವಾ?” ಎಂದು ತೆಲುಗಿನಲ್ಲಿ ಕುಶಲ ವಿಚಾರಿಸಿದರು. ತೊಗರಿ ಬಂದು ಮೂಸಿ, ಬಲಗೈ ಎತ್ತಿ, ಮಣಿಕಟ್ಟಿನ ಮೇಲೆ ಹೊಸದೊಂದು ಗೆರೆ ಎಳೆದು, ತಾನಾಗಿಯೇ ಬುಟ್ಟಿಯೊಳಗೆ ಹೋಗಿ ಕೂತಳು. “ಪೈಚಾನ್ ಹಿಡದ್ಳು,” ಎಂದು ವೆಂಕಟಪ್ಪನವರು ರಕ್ತ ಒರೆಸಿಕೊಳ್ಳುತ್ತ ಸಂತೋಷಪಟ್ಟರು. ಗುರುತು ಹಿಡಿದಳಂತೆ. ಸುಮಿತ್ರಾ ಗಾಯಕ್ಕೆ ಔಷಧಿ ಹಚ್ಚುತ್ತ, ಅವರಿಗೆ ಕಾಣದ ಹಾಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಬುಟ್ಟಿ ಹೊರಟಾಗ ಹವಾಲ್ದಾರ ಎದ್ದು ಗೇಟಿನವರೆಗೂ ಬಂದು ನಿಂತ. ಮಾತುಬಿಟ್ಟ ಬೀಗರಾದರೂ ಕಳಿಸಿಕೊಡುವ ಮರ್ಯಾದೆ ಬಿಡಲಿಲ್ಲ.

ಆಮೇಲೆ ಹದಿನೈದು ದಿನ ಯಾರ ಸುದ್ದಿಯೂ ಇಲ್ಲ. ಆಸ್ಪತ್ರೆಯವರು ಕೊನೆಯ ದಿನವೊಂದನ್ನು ಗೊತ್ತುಮಾಡಿ ಪತ್ರ ಬರೆದರು. ಸುಮಿತ್ರಾ ಅದನ್ನು ಓದಿ ಮಡಚಿ ದೇವರ ಮಾಡದಲ್ಲಿ ಬುದ್ಧನ ಮೂರ್ತಿಯ ಕೆಳಗಿಟ್ಟಳು. ಅವಳು ಏನಾದರೂ ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಓದಿ, ರೈಲು ಹತ್ತಿಳಿದು, ನಿದ್ದೆಗೆಟ್ಟು ಅವಳು ದುಡಿದು ಪಡೆದದ್ದು ಈ ಕೆಲಸ. ಅದು ಹೋದರೆ ಅದಕ್ಕೆ ಕಾರಣ ಒಂದು ಕಿವುಡ ನಾಯಿ ಎಂದು ಯಾರ ಮುಂದೆ ಹೇಳುವುದು? ನಾನೇ ಮೈತ್ರಿಯ ಜೊತೆ ಹಿಂದೆ ಉಳಿದುಬಿಡುತ್ತೇನೆ, ನೀನು ಹೋಗು ಎಂದೆ. “ಮೂರು ಮಂದಿ ಹೋಗೂದು, ಇಲ್ಲಾಂದ್ರ ಇಲ್ಲ,” ಎಂದಳು.

ಅದರ ಮರುದಿನವೇ ಫೋನ್ ಬಂತು. ಹೆಂಗಸಿನ ದನಿ, ಗುಡ್ಡದ ಮೇಲಿಂದ ಕೂಗಿದ ಹಾಗೆ.

“ನಾ ಶಹಾಬಾದಿನಿಂದ ನಾಗಮ್ಮ ಮಾತಾಡ್ಲಿಕತ್ತೀನ್ರಿ. ನಿಮ್ಮ ನಾಯಿ ಕಾಗದ ನನ್ನ ಫೋನಿಗಿ ಬಂದದ. ಖರೇನೇ ಅದಕ ಕಿವಿ ಕೇಳಂಗಿಲ್ಲೇನ್ರಿ?”

“ಹೌದ್ರಿ. ಕೇಳಂಗಿಲ್ಲ.”

“ಜರಾನೂ ಕೇಳಂಗಿಲ್ಲ?”

“ಏನೇನೂ ಕೇಳಂಗಿಲ್ರಿ,” ಎಂದೆ, ಇನ್ನು ಮುಚ್ಚಿಡುವುದು ಏನೂ ಉಳಿದಿಲ್ಲ ಎಂಬ ಶಾಂತಿಯಿಂದ.

“ಹಂಗಾದ್ರ ನನಗ ಬೇಕು!”

ನಾಗಮ್ಮನವರದು ಫರ್ಸಿ ಕೊಯ್ದು ನುಣುಪು ಮಾಡುವ ಕಾರ್ಖಾನೆ. ಗಂಡ ತೀರಿಕೊಂಡ ಮೇಲೆ ಅವರೇ ನಡೆಸುತ್ತಿದ್ದಾರೆ. ನಾಯಿಯೆಂದರೆ ಅವರಿಗೆ ಪ್ರಾಣ. ಆದರೆ ಮೂರು ನಾಯಿ ತಂದು ಸಾಕಿದರೆ ಮೂರೂ ಮಿಷನ್ನಿನ ಸಪ್ಪಳಕ್ಕೆ ಅಂಜಿ ಓಡಿಹೋದವಂತೆ. “ಒಂದಂತೂ ಹೆಂಗ ಓಡ್ತು ಅಂದ್ರ, ಇನ್ನಾ ಓಡ್ಲಿಕತ್ತಿರಬೇಕು,” ಎಂದರು. ಅವರಿಗೆ ಕಾಯುವ ನಾಯಿ ಬೇಕಾಗಿರಲಿಲ್ಲ. ಕಲ್ಲನ್ನು ಯಾರು ಹೊತ್ತೊಯ್ಯುತ್ತಾರೆ? ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಎದುರಿಗೆ ಒಂದು ಜೀವ ಕೂತಿರಬೇಕು, ಅಷ್ಟೇ.

ಫೋನ್ ಇಟ್ಟು ಸುಮಿತ್ರಾಳಿಗೆ ಹೇಳಿದೆ. ಅವಳ ಮುಖ ಅರಳಿತು. ನನ್ನ ಮುಖ ನೋಡಿ ಮತ್ತೆ ಕುಗ್ಗಿತು. ಕಾರಣ ಅವಳಿಗೆ ಗೊತ್ತಿತ್ತು. ಅಪ್ಪ ಬದುಕಿದ್ದಾಗ ನನ್ನನ್ನು ಕಲ್ಲಿನ ಕಾರ್ಖಾನೆಯ ಗೇಟಿನಿಂದ ಒಳಗೆ ಬಿಟ್ಟವರಲ್ಲ. ಬುತ್ತಿ ಒಯ್ದರೆ ಹೊರಗೇ ನಿಲ್ಲಿಸಿ, ಕೈಯಲ್ಲೇ ಸನ್ನೆ ಮಾಡಿ ಕಳಿಸುತ್ತಿದ್ದರು. ಅವರು ಹೋದ ಮೇಲೆ ನಾನಾಗಿ ಆ ಕಡೆ ಕಾಲಿಟ್ಟಿರಲಿಲ್ಲ. ಅಪ್ಪನ ಕಿವಿ ತಿಂದ ಜಾಗಕ್ಕೆ ನನ್ನ ಕೈಯಾರೆ ಹವಾಲ್ದಾರನನ್ನು ಒಯ್ದು ಬಿಡುವುದೇ? ಅವನಿಗೆ ಕಳೆದುಕೊಳ್ಳಲು ಕಿವಿ ಉಳಿದಿಲ್ಲ ಎಂಬ ಸಮಾಧಾನ ಬುದ್ಧಿಗೆ ಸರಿ, ಹೊಟ್ಟೆಗೆ ಇಳಿಯಲಿಲ್ಲ. “ನೋಡಿ ಬರೋಣ. ಸೇರದಿದ್ರ ವಾಪಸ್ ಕರಕೊಂಡು ಬರೋಣ,” ಎಂದಳು ಸುಮಿತ್ರಾ.

ನಾಲ್ವರೂ ಹೋದೆವು. ಗೇಟಿನ ಒಳಗೆ ಬೂದು ಹಾಸುಗಲ್ಲುಗಳನ್ನು ಸಾಲಾಗಿ ಒರಗಿಸಿ ನಿಲ್ಲಿಸಿದ್ದರು, ಗ್ರಂಥಾಲಯದಲ್ಲಿ ಪುಸ್ತಕ ನಿಲ್ಲಿಸಿದ ಹಾಗೆ. ಕೊಯ್ಯುವ ಚಕ್ರದ ಮೇಲೆ ನೀರು ಸುರಿಯುತ್ತಿತ್ತು. ನೆಲವೆಲ್ಲ ತಂಪು. ಮಿಷನ್ನು ಆಗ ನಿಂತಿತ್ತು. ನಾಗಮ್ಮನವರು ಎದುರು ಬಂದು, “ಬರ್ರಿ ಬರ್ರಿ, ಕುಂದ್ರಿ,” ಎಂದು ಕಲ್ಲಿನ ಮೇಲೆ ಗೋಣಿ ಹಾಸಿದರು. ನನ್ನ ಕಣ್ಣು ಗೋಡೆಯ ಮೊಳೆಗಳ ಮೇಲೆ ಹೋಯಿತು. ಸಾಲಾಗಿ ದಪ್ಪ ಕಿವಿಮುಚ್ಚುಗಗಳು ತೂಗುತ್ತಿದ್ದವು. ನಾನು ಅವನ್ನೇ ನೋಡುವುದನ್ನು ಕಂಡು ಅವರು ಹೇಳಿದರು.

“ಅದನ್ನ ಹಾಕ್ಕೊಳದೆ ಮಿಷನ್ ಹತ್ರ ಯಾರನೂ ಬಿಡಂಗಿಲ್ರಿ ನಾ. ನನ್ನ ಒಂದು ಕಿವಿ ಹೋದ ಮ್ಯಾಲ ಬುದ್ಧಿ ಬಂತು. ಅದಕ್ಕೇ ಹಿಂಗ ಒದರ್ತೀನಿ, ತಪ್ಪು ತಿಳೀಬ್ಯಾಡ್ರಿ.”

ನಮ್ಮಪ್ಪನೂ ಇದೇ ಕೆಲಸದಲ್ಲಿದ್ದರು ಎಂದೆ. ಅವರು ತಲೆಯಾಡಿಸಿದರು. “ಅವ್ರ ಕಾಲಕ್ಕ ಇವು ಇರಲಿಲ್ಲ,” ಎಂದು ಮೊಳೆಯ ಕಡೆ ಕೈ ಮಾಡಿದರು. ಆ ಒಂದು ಮಾತಿನಲ್ಲಿ ಮಾತ್ರ ಅವರ ದನಿ ಮೆತ್ತಗಿತ್ತು.

ಹವಾಲ್ದಾರ ಅಷ್ಟರಲ್ಲಿ ತನ್ನ ತಪಾಸಣೆ ನಡೆಸಿದ್ದ. ಸಾಲುಗಳ ನಡುವೆ ಸುತ್ತಿ, ನೀರಿನ ತೊಟ್ಟಿ ಮೂಸಿ, ಆಗ ತಾನೇ ತೊಳೆದು ಮಲಗಿಸಿದ್ದ ದೊಡ್ಡ ಕಲ್ಲೊಂದನ್ನು ಆರಿಸಿಕೊಂಡು ಹೊಟ್ಟೆ ಹಚ್ಚಿ ಮಲಗಿದ. ಕೆಲಸದವರು ಕಿವಿಮುಚ್ಚುಗ ಹಾಕಿಕೊಂಡರು. ಮಿಷನ್ನು ಶುರುವಾಯಿತು. ನಾವು ಮೂವರೂ ಕಿವಿ ಮುಚ್ಚಿಕೊಂಡು ಹಿಂದೆ ಸರಿದೆವು. ಆ ಸಪ್ಪಳ ನನ್ನ ಹಲ್ಲಿನ ಬೇರಿಗೆ ಇಳಿಯಿತು. ಹವಾಲ್ದಾರ ಒಂದು ನಿಟ್ಟುಸಿರು ಬಿಟ್ಟು, ಮೂತಿಯನ್ನು ಮುಂಗಾಲ ಮೇಲೆ ಇಟ್ಟು, ನಿದ್ದೆ ಹೋದ. ಅವನನ್ನು ಸುತ್ತಿ ಕಿರುಚುತ್ತಿದ್ದ ಜಗತ್ತಿಗೂ ಅವನಿಗೂ ಸಂಬಂಧವೇ ಇರಲಿಲ್ಲ. ನಾಗಮ್ಮನವರು ಎರಡೂ ಕೈ ಸೊಂಟಕ್ಕಿಟ್ಟು ಅವನನ್ನು ನೋಡಿದ ರೀತಿಯನ್ನು ನಾನು ಮರೆಯಲಾರೆ. ಬಹಳ ದಿನದಿಂದ ಖಾಲಿಯಿದ್ದ ಹುದ್ದೆಗೆ ತಕ್ಕವರು ಬಂದಾಗ ನೋಡುವ ನೋಟ.

ಮಿಷನ್ನು ನಿಂತ ಮೇಲೆ ಮೈತ್ರಿ ಅವರಿಗೆ ಪಾಠ ಹೇಳಿದಳು. ಕರೆಯಬೇಕಾದರೆ ಹಿಮ್ಮಡಿಯಿಂದ ನೆಲಕ್ಕೆ ಎರಡು ಸಲ. ನಾಗಮ್ಮನವರು ಸೀರೆ ಸ್ವಲ್ಪ ಎತ್ತಿ ಹಿಡಿದು ಬಡಿದರು. ಹವಾಲ್ದಾರ ಕಣ್ಣು ಬಿಟ್ಟು, ಬಡಿದವರು ಯಾರೆಂದು ನಮ್ಮನ್ನೆಲ್ಲ ಒಬ್ಬೊಬ್ಬರನ್ನಾಗಿ ನೋಡಿ, ಕೊನೆಗೆ ಅವರ ಕಡೆ ಬಾಲ ಅಲ್ಲಾಡಿಸಿದ. ಅವರು ಬುತ್ತಿ ಬಿಚ್ಚಿ ರೊಟ್ಟಿಯ ಅರ್ಧ ಮುರಿದು ಕೊಟ್ಟರು. ಅವನು ತಿಂದು ಮತ್ತೆ ಮಲಗಿದ.

ಹೊರಡುವ ಹೊತ್ತಿಗೆ ಅವನಿಗೆ ಗಾಢ ನಿದ್ದೆ. ಮೈತ್ರಿ ಅವನ ಹತ್ತಿರ ಹೋಗಿ ಕಾಲೆತ್ತಿದಳು, ಎಬ್ಬಿಸಿ ಹೇಳಿ ಹೋಗಲು. ಎತ್ತಿದ ಕಾಲನ್ನು ಹಾಗೇ ಹಿಡಿದು ನಿಂತಳು. ಆಮೇಲೆ ಬಹಳ ಮೆಲ್ಲಗೆ ಕೆಳಗಿಟ್ಟಳು. ಗೇಟಿನವರೆಗೂ ತುದಿಗಾಲಿನಲ್ಲೇ ನಡೆದು ಬಂದಳು. ಅವಳನ್ನು ನೋಡಿ ಸುಮಿತ್ರಾಳೂ, ಅವಳನ್ನು ನೋಡಿ ನಾನೂ. ಕಿವುಡ ನಾಯಿಗೆ ಎಚ್ಚರವಾದೀತೆಂದು ಮೂರು ಮಂದಿ ಕಳ್ಳಹೆಜ್ಜೆ ಇಡುವುದನ್ನು ಕಂಡು ಕೆಲಸದವರು ನಗಲಿಲ್ಲ. ಆ ಉಪಕಾರವನ್ನೂ ಇಲ್ಲಿ ನೆನೆಯಬೇಕು. ಆ ಸಂಜೆ ಸುಮಿತ್ರಾ ಮೂರು ಟಿಕೆಟ್ಟು ತೆಗೆಸಿದಳು.

ನಾವು ಇಲ್ಲಿಗೆ ಬಂದು ಈಗ ಏಳು ತಿಂಗಳು. ಸುಮಿತ್ರಾ ವಾರ್ಡಿನಲ್ಲಿ ಎಲ್ಲರಿಗೂ ಬೇಕಾದವಳಾಗಿದ್ದಾಳೆ. ಮೈತ್ರಿ ಈ ಊರಿನ ಉಚ್ಚಾರಣೆಯನ್ನು ನನಗೆ ಕಲಿಸುತ್ತಾಳೆ, ನಾನು ಕಲಿಯುವುದಿಲ್ಲ. ವೆಂಕಟಪ್ಪನವರು ಆಗಾಗ ಕೈಯ ಫೋಟೊ ಕಳಿಸುತ್ತಾರೆ, ತೊಗರಿ ಆರೋಗ್ಯವಾಗಿದ್ದಾಳೆ ಎಂಬುದಕ್ಕೆ ಪುರಾವೆಯಾಗಿ. ನಾಗಮ್ಮನವರಿಗೆ ಭಾನುವಾರಕ್ಕೊಮ್ಮೆ ನಾನೇ ಫೋನ್ ಮಾಡುತ್ತೇನೆ. “ನಮ್ಮ ಹವಾಲ್ದಾರ ಹೆಂಗದಾನ್ರಿ?” ಎಂದು ಕೇಳುತ್ತೇನೆ. ಅವರು ಏನು ತಿಂದ, ಎಷ್ಟು ತಿಂದ, ಕಾಲಿಗೆ ಯಾವ ಎಣ್ಣೆ ಹಚ್ಚಿದೆ ಎಂದು ತಾಳ್ಮೆಯಿಂದ ವರದಿ ಒಪ್ಪಿಸುತ್ತಾರೆ.

ಹೋದ ಭಾನುವಾರವೂ ಹಾಗೆಯೇ ಕೇಳಿದೆ. ಅವರ ಎಂದಿನ ದೊಡ್ಡ ದನಿ ಬಂತು.

“ಮಾಸ್ತರ್, ನಿಮ್ಮ ಹವಾಲ್ದಾರನ ಸುದ್ದಿ ನನಗ ಗೊತ್ತಿಲ್ರಿ. ನಮ್ಮ ಹವಾಲ್ದಾರ ಉಂಡು ಮಕ್ಕೊಂಡಾನ.”

ಹೇಳಿ ಗಹಗಹಿಸಿ ನಕ್ಕರು. ನಾನೂ ನಕ್ಕೆ, ಅವರಿಗಿಂತ ಸ್ವಲ್ಪ ತಡವಾಗಿ. ಫೋನ್ ಇಟ್ಟ ಮೇಲೆ ಕಿಟಕಿಯ ಹತ್ತಿರ ಕೂತೆ. ‘ನಿಮ್ಮ’ ಎಂಬುದು ‘ನಮ್ಮ’ ಆಗುವುದಕ್ಕೆ ಬರೆಯುವವನು ಒಂದು ಗುಡಿಸನ್ನು ಕೈಬಿಟ್ಟರೆ ಸಾಕು. ಅದೇ ಗುಡಿಸನ್ನು ಸೇರಿಸಿ ‘ನಿಮ್ಮ ಹವಾಲ್ದಾರ’ ಎನ್ನಲು ನಾನು ಏಳು ತಿಂಗಳು ಮನಸ್ಸು ಮಾಡಲಿಲ್ಲವಲ್ಲ ಎಂದು ಮೊದಲು ನಾಚಿಕೆಯಾಯಿತು. ಆಮೇಲೆ ಎದೆ ತುಂಬಿ ಬಂತು. ಮುದಿ ನಾಯಿಯೊಂದನ್ನು ಕರುಣೆಯಿಂದ ಇಟ್ಟುಕೊಂಡವರು ಆ ಮಾತನ್ನು ಹೀಗೆ ಕಿತ್ತುಕೊಳ್ಳುತ್ತಿರಲಿಲ್ಲ.

ಸುಮಿತ್ರಾ ಡ್ಯೂಟಿ ಮುಗಿಸಿ ಬಂದು ಕೋಟು ತೆಗೆಯುತ್ತ ಕೇಳಿದಳು, “ಏನಂದ್ರು ನಾಗಮ್ಮ?”

“ಅವರ ಹವಾಲ್ದಾರ ಉಂಡು ಮಕ್ಕೊಂಡಾನಂತ,” ಎಂದೆ.

ಅವಳು ಒಂದು ತೋಳು ಕೋಟಿನೊಳಗೇ ಬಿಟ್ಟು ನಿಂತು, ನನ್ನ ಮುಖವನ್ನೇ ನೋಡಿದಳು. ನಾನು ಹೇಳಿದ್ದರಲ್ಲಿ ಎಲ್ಲವೂ ಇತ್ತು, ಅವಳಿಗೆ ತಿಳಿಯಿತು.

“ಮಲ್ಕೊಳ್ಲಿ,” ಎಂದಳು. “ಎಬ್ಬಸಬ್ಯಾಡ್ರಿ ಇನ್ನ.”